ಹಲ್ಲುನೋವಿನವರ ನಡುವೆ ನನ್ನ ಮೊದಲ ಪ್ರದರ್ಶನ

ನನ್ನ ಪರಿಚಯದಲ್ಲಿ ‘ಮೊದಲ ಏಕವ್ಯಕ್ತಿ ಪ್ರದರ್ಶನ: ಇಂದಿರಾನಗರ’ ಎಂದಿರುತ್ತದೆ. ಓದಿದವರು ಬಿಳಿ ಗೋಡೆಯ ದೊಡ್ಡ ಗ್ಯಾಲರಿಯನ್ನು ಕಲ್ಪಿಸಿಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಗೋಡೆಯೇನೋ ಬಿಳಿಯದೇ ಆಗಿತ್ತು. ಆದರೆ ಅದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಗೋಡೆ.

ತೊಂಬತ್ತರ ದಶಕದ ಕೊನೆ. ರಾಯಚೂರಿನಿಂದ ಬಂದು ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಕೋಣೆಯ ತುಂಬ ಚಿತ್ರಗಳು ಕಾಲು ಚಾಚಿ ಮಲಗುತ್ತಿದ್ದವು. ಉಳಿದ ಜಾಗದಲ್ಲಿ ನಾನು. ಯಾವ ಗ್ಯಾಲರಿಗೆ ಹೋದರೂ ಒಂದೇ ಪ್ರಶ್ನೆ: “ಇದಕ್ ಮುಂಚೆ ಎಲ್ಲಿ ಶೋ ಮಾಡಿದೀರಿ?” ಎಲ್ಲೂ ಇಲ್ಲವೆಂದರೆ ಚಹಾ ಕೊಟ್ಟು ಕಳಿಸುತ್ತಿದ್ದರು. ಮೊದಲನೆಯದನ್ನು ಮಾಡದೆ ಎರಡನೆಯದನ್ನು ಮಾಡುವುದು ಹೇಗೆಂದು ಹಲ್ಲು ಕಡಿಯುತ್ತಿದ್ದಾಗಲೇ ದವಡೆ ಹಲ್ಲೊಂದು ಕೈಕೊಟ್ಟಿತು.

ಇಂದಿರಾನಗರದ ಆ ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ನಸ್ರೀನ್ ಅವರ ಮನೆ ಫ್ರೇಜರ್ ಟೌನಿನಲ್ಲಿ. ನನ್ನ ಬಾಯಿಯೊಳಗೆ ಕನ್ನಡಿ ಇಟ್ಟುಕೊಂಡೇ, “ಏನ್ ಕೆಲ್ಸ ಮಾಡ್ತೀರಿ?” ಎಂದರು. ನಾನು ‘ಚಿತ್ರ’ ಎಂದು ಗೊಣಗಿದ್ದು ಹೇಗೋ ಅರ್ಥವಾಯಿತು. “ಹೊರಗಡೆ ಗೋಡೆ ಖಾಲಿ ಇದೆ, ತಂದು ಹಾಕಿ.”

ಹಾಕಿದೆ. ಕೆನ್ನೆಗೆ ಕೈಯೊತ್ತಿ ಕೂತವರನ್ನೆಲ್ಲ ಕಂಡು, ಎಂಥ ಗಾಢ ರಸಿಕರು ಎಂದು ಹಿಗ್ಗಿದೆ. ಆದರೆ ನಡುವಿನ ದೊಡ್ಡ ಚಿತ್ರವೇ ತೊಡಕಾಯಿತು. ಅದು ನಮ್ಮೂರ ಬಾವಿ, ಮೇಲಿನಿಂದ ಬಗ್ಗಿ ನೋಡಿದಂತೆ: ಸುತ್ತ ಸುಣ್ಣದ ಕಟ್ಟೆ, ನಡುವೆ ಕಪ್ಪು ಆಳ. ನೋವು ತಿನ್ನುತ್ತ ಕಾಯುವವರಿಗೆ ಅದು ಹುಳುಕು ಹಲ್ಲಾಗಿ ಕಂಡಿತು. ಡಾಕ್ಟರ್ ನನ್ನನ್ನು ಕರೆಸಿದರು. “ಪೇಷಂಟ್ಸ್ ಹೆದರ್ಕೊಂಡು ವಾಪಸ್ ಹೋಗ್ತಿದಾರೆ ಕಣ್ರೀ. ಇದನ್ನ ತೆಗ್ದು ಹೂವಿಂದೇನಾದ್ರೂ ಹಾಕಿ.”

ಆ ಬಾವಿಗೆ ಇಡೀ ಬೇಸಿಗೆ ಸುರಿದಿದ್ದೆ. ನಾನು ಚಿತ್ರ ಬರೆಯಬಲ್ಲೆ ಎಂದು ನನಗೆ ನಂಬಿಕೆ ಹುಟ್ಟಿಸಿದ್ದು ಅದೊಂದೇ. ಅದೂ ಇಳಿದರೆ ರಾಯಚೂರಿನ ಬಸ್ಸು ಹತ್ತುವುದೇ ಸರಿ ಎಂದುಕೊಂಡು ಸ್ಟೂಲು ಹತ್ತಿದೆ.

“ಯವ್ವಾ, ಬಾವಿ ಯಾಕ ಇಳಸಾಕತ್ತೀ?”

ಬಾತ ಕೆನ್ನೆಯ ಹೆಂಗಸೊಬ್ಬರು ಎದ್ದು ನಿಂತಿದ್ದರು. ಹೆಸರು ಸಿದ್ದಮ್ಮ, ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಕೆಲಸ, ನಮ್ಮ ಸೀಮೆಯವರೇ ಎಂದು ಆಮೇಲೆ ತಿಳಿಯಿತು. “ನಮ್ಮೂರಾಗೂ ಇಂಥಾದ ಐತಿ. ಮದಿವಿಯಾಗಿ ಹೋದ ದಿನಾನ ನನ್ನ ಕೊಡ ಒಳಗ ಬಿತ್ತು. ನಮ್ಮತ್ತಿ ಇನ್ನೂ ಆಡಿಕೊಂಡು ನಗ್ತಾಳ!”

ಪಕ್ಕದಲ್ಲಿದ್ದ ಹಲಸೂರಿನ ತಾತ, ತಾವು ಬಾವಿಯಲ್ಲಿ ಈಜು ಕಲಿತದ್ದನ್ನು ತಮಿಳು ಬೆರೆಸಿ ಹೇಳತೊಡಗಿದರು. ಇನ್ನೊಬ್ಬರಿಗೆ ಅಜ್ಜಿಮನೆಯ ಬಾವಿ ನೆನಪಾಯಿತು. ಒಳಗಿನಿಂದ ಹೆಸರು ಕರೆದರೂ ಯಾರೂ ಏಳಲಿಲ್ಲ. ಕೊನೆಗೆ ಡಾಕ್ಟರೇ ಹೊರಗೆ ಬಂದು ಅವರನ್ನೆಲ್ಲ ನೋಡಿದರು, ಸ್ಟೂಲಿನ ಮೇಲಿದ್ದ ನನ್ನನ್ನೂ ನೋಡಿದರು. “ಇರ್ಲಿ ಬಿಡಿ, ಇಳೀರಿ” ಎಂದರು.

ಚಿತ್ರ ಅಲ್ಲೇ ಉಳಿಯಿತು. ನಾನು ಬೆಂಗಳೂರಿನಲ್ಲೇ ಉಳಿದೆ. ಮುಂದೆ ಒಳ್ಳೆಯ ಗ್ಯಾಲರಿಗಳೂ ದೊರೆತವು, ಪತ್ರಿಕೆಗಳಲ್ಲಿ ಉದ್ದುದ್ದ ವಿಮರ್ಶೆಗಳೂ ಬಂದವು. ಆದರೂ ಕಲೆಯ ಬಗ್ಗೆ ನಾನು ಕೇಳಿದ ಅತ್ಯಂತ ಖಚಿತವಾದ ಮಾತು ಆ ದಿನದ್ದೇ. ಸಿದ್ದಮ್ಮ ಕೈಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟಿದ್ದರು.

“ಈಗ ನೋವೇ ಇಲ್ರಿ ಮೇಡಮ್, ನಾ ಬರ್ತೀನ್ರಿ.”

ಡಾಕ್ಟರ್ ಮೆಲ್ಲಗೆ ಅವರ ತೋಳು ಹಿಡಿದರು. “ನೋವು ಹೋಗಿಲ್ಲಮ್ಮಾ, ಮರ್ತಿದೀರ ಅಷ್ಟೇ. ಬನ್ನಿ ಒಳಗೆ.”