ತಂಪಿಗೆಂದು ಕುಡಿದ ಅಂಬಲಿ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಓನರಮ್ಮನ ರಕ್ತ ಸುರಿಯತೊಡಗಿತು. ಆಗ ನಾನಿದ್ದ ಬೀದಿಗೆ ನೀರು ಬಿಡುತ್ತಿದ್ದುದು ಆರಕ್ಕೆ. ಎರಡನೇ ಕೊಡ ಒಳಗಿಟ್ಟು ಗಡಿಯಾರ ನೋಡಿದ್ದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳಬಲ್ಲೆ. ಅದಾಗಿ ವರ್ಷಗಳಾದವು. ಹೋದ ವಾರ ರಕ್ತಪರೀಕ್ಷೆಗೆ ಕೂತಿದ್ದಾಗ ಲ್ಯಾಬಿನ ಹುಡುಗಿ ನೇರಳೆ ಮುಚ್ಚಳದ ಪುಟ್ಟ ಕೊಳವೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಅದರಲ್ಲಿದ್ದದ್ದು ನನ್ನದೇ ರಕ್ತ. ಆದರೂ ಕಣ್ಣ ಮುಂದೆ ಬಂದದ್ದು ಓನರಮ್ಮನ ನೀಲಿ ಕಲೆಗಳ ತೋಳು...

ರಾಜಗೋಪಾಲನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಪೀಣ್ಯ ಹೊಲಗದ್ದೆಯಾಗಿದ್ದ ಕಾಲದಿಂದಲೂ ಅಲ್ಲೇ ಇದ್ದ ಮನೆತನ. ಕೆಳಗೆ ಗಂಡ ಹೆಂಡತಿ ಇಬ್ಬರೇ ಇದ್ದು, ಮೇಲಿನ ಸಿಂಗಲ್ ರೂಮುಗಳನ್ನು ಕೊಪ್ಪಳ, ರಾಯಚೂರು, ಗದಗದ ಕಡೆಯಿಂದ ಕೆಲಸಕ್ಕೆ ಬಂದವರಿಗೆ ಕೊಟ್ಟಿದ್ದರು. ನಾನು ಗದಗದ ಕಡೆಯವಳು. ಬಿ.ಎಸ್ಸಿ. ಕೆಮಿಸ್ಟ್ರಿ ಓದಿ, ಕಬ್ಬಿಣದ ಸಾಮಾನಿಗೆ ನಿಕ್ಕಲ್ ಲೇಪಿಸುವ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ನೀರಿನಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ದಿನಾ ಅಳೆಯುವುದು ನನ್ನ ಕೆಲಸಗಳಲ್ಲಿ ಒಂದು. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ನಾನು ರೊಟ್ಟಿ ಬಡಿಯುವ ಸದ್ದಿಗೆ ಅವರು ಮೆಟ್ಟಿಲ ಕೆಳಗಿನಿಂದಲೇ ರೇಗಿಸುತ್ತಿದ್ದರು. "ಏನವ್ವಾ, ಮನೆ ಬೀಳುಸ್ತಿದ್ದೀಯಾ ಮೇಲೆ?"

"ನಿಮ್ಮ ಮುದ್ದಿ ನುಂಗೂದು ಕಲಿಯೂದ್ರಾಗ ಅರ್ಧ ಆಯುಷ್ಯ ಹೋತ್ರಿ. ರೊಟ್ಟಿನರ ತಿಂತೀನಿ ಬಿಡ್ರಿ" ಎನ್ನುತ್ತಿದ್ದೆ.

ಮೊದಲು ಕಂಡದ್ದು ಕಲೆಗಳು. ಎಲ್ಲಿಯೂ ತಗುಲಿಸಿಕೊಳ್ಳದೆ ತೋಳು, ತೊಡೆಯ ಮೇಲೆ ನೀಲಿಗಟ್ಟುತ್ತಿತ್ತು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತಿತ್ತು. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಅವರ ಮೈಯೇ ಶತ್ರುವೆಂದು ತಿಳಿದು ನಾಶಮಾಡುತ್ತಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಲಕ್ಷದ ಮೇಲಿರಬೇಕಾದದ್ದು ಒಂಬತ್ತು ಸಾವಿರಕ್ಕೆ ಇಳಿದಿತ್ತು. ಮೊದಲು ಕೊಟ್ಟ ಸ್ಟೀರಾಯ್ಡ್‌ಗೆ ಮುಖ ಊದಿತು, ಶುಗರ್ ಏರಿತು, ಪ್ಲೇಟ್‌ಲೆಟ್ ಮಾತ್ರ ಏರಲಿಲ್ಲ. ಆಮೇಲೆ ಡಾಕ್ಟರು ಇನ್ನೊಂದು ಮಾತ್ರೆ ಬರೆದರು. ನಾಶವಾಗುವುದನ್ನು ಅದು ತಡೆಯುವುದಿಲ್ಲ, ಮೂಳೆಯೊಳಗಿನ ಮಜ್ಜೆಗೆ ಇನ್ನಷ್ಟು ಪ್ಲೇಟ್‌ಲೆಟ್ ತಯಾರಿಸು ಎಂದು ಹೇಳುತ್ತದೆ ಎಂದು ವಿವರಿಸಿದರು.

"ಅಂದ್ರೆ ಒಳಗಿರೋ ಫ್ಯಾಕ್ಟ್ರಿಗೆ ಓವರ್‌ಟೈಮು ಮಾಡ್ಸೋದು ಅನ್ನಿ" ಎಂದರು ಓನರಮ್ಮ. ಡಾಕ್ಟರು ನಕ್ಕರು.

ಆಮೇಲೆ ನಗದೆ ನನ್ನ ಕಡೆ ತಿರುಗಿದರು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಬೇಕು. ಹಾಲು, ಮೊಸರು, ಮಜ್ಜಿಗೆ ಅದರ ಹತ್ತಿರ ಸುಳಿಯಬಾರದು. ಪ್ಲೇಟ್‌ಲೆಟ್ ಏರದಿದ್ದರೆ ಒಂದು ದಿನ ತಲೆಯೊಳಗೇ ರಕ್ತ ಸೋರಬಹುದು. ಜೊತೆಯಲ್ಲಿ ಬಂದ ಓದಿದವಳೆಂದು ಎಲ್ಲವನ್ನೂ ನನಗೇ ಒಪ್ಪಿಸಿದರು.

ಓನರಮ್ಮನ ಲೆಕ್ಕದಲ್ಲಿ ಮಾತ್ರೆಯೆಂದರೆ ಉಷ್ಣ. "ಖಾಲಿ ಒಟ್ಟೇಗೆ ಮಾತ್ರೆ ಬಿದ್ರೆ ಕರುಳು ಬೆಂದೋಯ್ತದೆ ಕಣವ್ವ. ಒಂದ್ ಲೋಟ ಅಂಬ್ಲಿ ಮೇಲೆ ನುಂಗ್ತೀನಿ, ತಂಪಾಗಿರ್ತದೆ. ಮಜ್ಜಿಗೆ ಆಕಲ್ಲ, ಬರೀ ರಾಗಿ."

ನನಗೆ ಶಿಫ್ಟಿಗೆ ತಡವಾಗುತ್ತಿತ್ತು. "ರಾಗಿ ಏನ್ ಹಾಲಲ್ಲ ಬಿಡ್ರಿ, ಕುಡೀರಿ" ಎಂದೆ.

ಅಷ್ಟೇ ಅಂದದ್ದು. ಮಾತ್ರೆಯ ಪೆಟ್ಟಿಗೆಯೊಳಗಿದ್ದ ಚೀಟಿಯನ್ನು ನಾನು ಓದಿದ್ದೆ. ಕ್ಯಾಲ್ಸಿಯಂ ಎಂಬ ಪದ ಅದರಲ್ಲಿ ಎರಡು ಕಡೆ ಇತ್ತು. ರಾಗಿ ತಿಂದರೆ ಮೂಳೆ ಗಟ್ಟಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಎರಡೂ ಒಂದೇ ತಲೆಯಲ್ಲಿದ್ದವು, ಒಂದಕ್ಕೊಂದು ಸೇರಲಿಲ್ಲ...

ಮೂರು ವಾರ ಕಳೆದವು. ವಾರಕ್ಕೊಮ್ಮೆ ನೇರಳೆ ಮುಚ್ಚಳದ ಕೊಳವೆಗೆ ರಕ್ತ ಕೊಟ್ಟು ಬಂದೆವು. ಒಂಬತ್ತು ಸಾವಿರ, ಎಂಟು, ಮತ್ತೆ ಒಂಬತ್ತು. ನಿಧಾನಕ್ಕೆ ಏರುತ್ತದೆ ಎಂದು ನಾನೇ ಧೈರ್ಯ ಹೇಳಿದೆ.

ಆ ಬೆಳಿಗ್ಗೆ, ನಾನು ಎರಡನೇ ಕೊಡ ಒಳಗಿಟ್ಟ ಹೊತ್ತಿಗೆ, ಕೆಳಗಿನಿಂದ ಅವರ ಯಜಮಾನರು ಕೂಗಿದರು. ಇಳಿದು ನೋಡಿದರೆ ಓನರಮ್ಮ ನೀರಿನ ತೊಟ್ಟಿಯ ಪಕ್ಕ ಗೋಡೆಗೊರಗಿ ಕೂತಿದ್ದರು. ಮೂಗಿನಿಂದ ಇಳಿದ ರಕ್ತ ಸೆರಗನ್ನು ತೋಯಿಸಿತ್ತು. ನಲ್ಲಿ ಹಾಗೇ ಸುರಿಯುತ್ತಿತ್ತು. "ತಲೆ ಸಿಡೀತದೆ" ಎಂದರು. ಸೆರಗು ಎತ್ತಲು ಹೋದ ಬಲಗೈ ಅರ್ಧಕ್ಕೇ ಬಿದ್ದುಹೋಯಿತು. ಅದನ್ನು ಅವರು, ತಮ್ಮ ಕೈಯೇ ಅಲ್ಲವೆಂಬಂತೆ ನೋಡುತ್ತಿದ್ದರು.

ಆಟೋದಲ್ಲಿ ಅವರ ತಲೆ ನನ್ನ ಹೆಗಲ ಮೇಲಿತ್ತು. ತುಮಕೂರು ರಸ್ತೆಯ ತುಂಬ ಲಾರಿಗಳು. ಮಾತಾಡಿಸುತ್ತಲೇ ಇದ್ದೆ, ಉತ್ತರ ಮಾತ್ರ ಕಡಿಮೆಯಾಗುತ್ತಾ ಬಂತು. ಒಂದು ಟವೆಲ್ ಪೂರ್ತಿ ನೆನೆದು ಎರಡನೆಯದನ್ನು ಹಿಡಿದಿದ್ದೆ. ಕಣ್ಣು ಮುಚ್ಚಿದರೆ ಈಗಲೂ ಆ ಆಟೋ ಅಲ್ಲೇ ನಿಂತಿರುತ್ತದೆ, ಮುಂದಕ್ಕೆ ಹೋಗುವುದೇ ಇಲ್ಲ.

ಸ್ಕ್ಯಾನಿನಲ್ಲಿ ಮೆದುಳಿನ ಎಡಭಾಗದಲ್ಲಿ ಸಣ್ಣ ರಕ್ತಸ್ರಾವ ಕಂಡಿತು. ಬೇರೆಯವರ ಪ್ಲೇಟ್‌ಲೆಟ್ ಏರಿಸಿದರು. ಅದೂ ಒಂದೆರಡು ದಿನಕ್ಕೆ ಕರಗಿಹೋಗುತ್ತಿತ್ತು. ಅವರದೇ ಮಜ್ಜೆ ಕೆಲಸ ಮಾಡದೆ ಬೇರೆ ದಾರಿ ಇರಲಿಲ್ಲ.

ನಾಲ್ಕನೇ ದಿನ ಡಾಕ್ಟರು ಮಂಚದ ಬಳಿ ನಿಂತು ಯಜಮಾನರಿಗೆ ಹೇಳಿದರು. "ಮೂರು ವಾರ ಆದ್ರೂ ಏರ್ತಿಲ್ಲ ಅಂದ್ರೆ ಈ ಮಾತ್ರೆ ಇವ್ರಿಗೆ ವರ್ಕ್ ಆಗ್ತಿಲ್ಲ. ನಿಲ್ಸೋಣ. ಆಪರೇಷನ್ ಮಾಡಿ ಸ್ಪ್ಲೀನ್, ಅಂದ್ರೆ ಪ್ಲೇಟ್‌ಲೆಟ್ ನಾಶ ಆಗೋ ಗುಲ್ಮ, ಅದನ್ನ ತೆಗೆಯೋದು ಯೋಚ್ನೆ ಮಾಡ್ಬೇಕಾಗತ್ತೆ. ಈ ಸ್ಥಿತೀಲಿ ಅದು ಸುಲಭ ಅಲ್ಲ." ಆಮೇಲೆ ಓನರಮ್ಮನನ್ನು ಕೇಳಿದರು. "ಮಾತ್ರೆ ಹೇಗೆ ತಗೋತಿದ್ರಿ, ಅಮ್ಮ?"

"ನೀವೇಳ್ದಂಗೇ. ಬರೀ ನೀರು." ನಾಲಿಗೆ ತೊದಲುತ್ತಿತ್ತು. ನನ್ನ ಕಡೆ ನೋಡಲಿಲ್ಲ.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹಗುರಾಯಿತು. ಅಂಬಲಿಯ ಮೇಲೆ ಅನುಮಾನ ಬಂದು ಆಗಲೇ ಎರಡು ದಿನವಾಗಿತ್ತು, ಬಾಯಿ ಬಿಟ್ಟಿರಲಿಲ್ಲ. ಡಾಕ್ಟರು ಪಕ್ಕದ ಮಂಚಕ್ಕೆ ಹೋದರು. ಆ ರೋಗಿಯ ನಾಡಿ ಹಿಡಿದರು, ಹಾಳೆ ತಿರುವಿದರು. ನಾನು ಆ ಮಂಚದ ಬಳಿ ಹೋದೆ.

"ಮೇಡಂ, ಅಂಬ್ಲಿ ಕುಡೀತಿದ್ರು. ಮಾತ್ರಿ ಜೊತೀಗೆ. ನಾನ ಕುಡೀರಿ ಅಂದಿದ್ದೆ" ಎಂದೆ ಕೊನೆಗೆ.

"ರಾಗಿ ಅಂಬ್ಲಿನಾ? ದಿನಾನಾ?" ಅವರು ಕನ್ನಡಕ ತೆಗೆದರು. "ಕ್ಯಾಲ್ಸಿಯಂ ಆ ಮಾತ್ರೇನ ಹೊಟ್ಟೇಲೇ ಹಿಡ್ಕೊಂಡ್ಬಿಡತ್ತೆ, ರಕ್ತಕ್ಕೆ ಹೋಗೋಕೇ ಬಿಡಲ್ಲ. ನೀವು ಓದಿರೋರು ತಾನೆ?" ಕನ್ನಡಕ ಮತ್ತೆ ಹಾಕಿಕೊಂಡು, "ನಾನೂ ರಾಗಿ ಅಂತ ಬಿಡ್ಸಿ ಹೇಳ್ಬೇಕಿತ್ತು" ಎಂದು ಔಷಧಿ ಚೀಟಿಯಲ್ಲಿ ಹೊಡೆದುಹಾಕಿದ್ದ ಮಾತ್ರೆಯ ಹೆಸರನ್ನು ಮತ್ತೆ ಬರೆದರು.

ಅವರು ಹೋದ ಮೇಲೆ ಓನರಮ್ಮ ಎಂದರು. "ಯಾಕ್ ಬಾಯ್ಬಿಟ್ಟೆ? ಸುಮ್ಕೆ ಬೈಸ್ಕೊಂಡ್ಯಲ್ಲ."

ಆಮೇಲೆ ಬೆಳಿಗ್ಗೆ ಆರಕ್ಕೆ ನೀರಿನ ಲೋಟ ಹಿಡಿದು ನಾನೇ ಮುಂದೆ ಕೂರುತ್ತಿದ್ದೆ. ಮೊದಲು ಆಸ್ಪತ್ರೆಯಲ್ಲಿ, ನಂತರ ಮನೆಯಲ್ಲಿ. ಎಂಟರವರೆಗೆ ಬೇರೇನೂ ಕೊಡುತ್ತಿರಲಿಲ್ಲ. "ಬಂದ್ಳಪ್ಪ ಪೊಲೀಸು" ಎನ್ನುತ್ತಿದ್ದರು. ಎರಡನೇ ವಾರಕ್ಕೆ ಇಪ್ಪತ್ತೆರಡು ಸಾವಿರ, ಮೂರನೆಯದಕ್ಕೆ ಅರವತ್ತು. ಹೊಸ ಕಲೆಗಳು ನಿಂತವು, ಮಾತು ತಿರುಗಿ ಬಂತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಯಜಮಾನರು ಮುದ್ದೆ ತಿರುವುವುದನ್ನು ಕಲಿತರು. "ಇದೇನ್ ಮುದ್ದೇನಾ, ಗಾರೇನಾ?" ಎಂದು ಓನರಮ್ಮ ಅವರನ್ನು ಬೈಯುತ್ತಲೇ ಎಡಗೈಯಲ್ಲಿ ತಿನ್ನುತ್ತಿದ್ದರು. ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಗಂಡಾಂತರ ಕಳೆದಿತ್ತು, ನನ್ನ ನಿದ್ದೆ ಮಾತ್ರ ಹೋಗಿತ್ತು. ಕೆಳಗೆ ಪಾತ್ರೆ ಬಿದ್ದರೆ ಮೆಟ್ಟಿಲ ಮೇಲಿರುತ್ತಿದ್ದೆ. ಮದುವೆಯಾಗಿ ಮಾದನಾಯಕನಹಳ್ಳಿಗೆ ಬಂದ ಮೇಲೂ ರಾತ್ರಿಗೆ ಎರಡು ಮೂರು ಸಲ ಎಚ್ಚರವಾಗಿ, ಇಲ್ಲದ ಕೆಳಮನೆಗೆ ಕಿವಿಗೊಡುತ್ತಿದ್ದೆ. ಭಾನುವಾರ ಫೋನ್ ಮಾಡಿ "ಎಷ್ಟೈತ್ರಿ?" ಎಂದರೆ "ಲಕ್ಷ ದಾಟೈತೆ, ನೀನ್ ಉಂಡ್ಯಾ?" ಎನ್ನುತ್ತಿದ್ದರು. ಅಂದು ಡಾಕ್ಟರಿಗೆ ಸುಳ್ಳು ಹೇಳಿದ್ದು ಬೈಗುಳದ ಭಯಕ್ಕೋ, ನನ್ನ ಸಲುವಾಗಿಯೋ... ಪ್ರತಿ ಭಾನುವಾರ ನಾಲಿಗೆಯ ತುದಿಗೆ ಬರುತ್ತಿತ್ತು. ಕೇಳಲಿಲ್ಲ.

ಒಂದು ಮಧ್ಯಾಹ್ನ ಯಜಮಾನರೇ ಫೋನ್ ಮಾಡಿದರು. ನ್ಯುಮೋನಿಯಾ, ನಾಲ್ಕೇ ದಿನಕ್ಕೆ ಹೋಗಿಬಿಟ್ಟರಂತೆ. "ಅದೆಲ್ಲಾ ಸರಿಗಿತ್ತು ಕಣವ್ವ, ಪ್ಲೇಟ್ಲೆಟ್ಟು. ಎದೇಲಿ ಕಫ ಕಟ್ಕೊಂತು" ಎಂದರು. ನನಗೆ ಸಮಾಧಾನ ಹೇಳುವಂತಿತ್ತು ಅವರ ದನಿ.

ಮಣ್ಣು ಮಾಡಿ ಬಂದ ದಿನ ಸ್ನಾನ ಮಾಡಿ, ಊಟ ಮಾಡದೆ ಒರಗಿದೆ. ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಬಿಸಿಲಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಹಾಗೆ ಮಲಗಿದ್ದೆ. ಮೊದಲು ಬಂದದ್ದು ನಾಚಿಕೆ, ಅಳು ಆಮೇಲೆ.

ಈಗ ದಿನವೂ ಬೆಳಗಿನ ತನಕ ಮಲಗುತ್ತೇನೆ. ನಾನು ಎಚ್ಚರವಿದ್ದು ಕಾಯಲು ಅವರಿಲ್ಲ.