ಧೋಂಡಿಬಾನ ಹೊಲಿಗೆ ಮಷೀನು ಮತ್ತು ನಮ್ಮ ವರ್ಗ ವಿಶ್ಲೇಷಣೆ

ಕಳೆದ ತಿಂಗಳು ಒಂದು ಫೋನ್ ಬಂತು. ಒಬ್ಬ ಹುತಾತ್ಮನ ಬಗ್ಗೆ ನಾನು ಅರ್ಧ ಪುಟ ಬರೆದುಕೊಡಬೇಕಂತೆ. ಫೋನ್ ಮಾಡಿದವಳಿಗೆ ಗೊತ್ತಿಲ್ಲದ ಸಂಗತಿ ಒಂದೇ. ಆ ಮನುಷ್ಯ ಊರು ಬಿಟ್ಟು ಹೋಗಿ ಸತ್ತಿದ್ದು ನನ್ನ ದೆಸೆಯಿಂದ.

ಫೋನ್ ಮಾಡಿದವಳು ಪ್ರಜ್ಞಾ, ನನ್ನ ಹಳೆಯ ವಿದ್ಯಾರ್ಥಿನಿ. ಈಗ ಬೀದರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ನಮ್ಮ ಕಾಲದ ಕೂಲಿಕಾರರ ಸಂಘದ ನೆನಪಿಗೆ ಒಂದು ಸ್ಮರಣ ಸಂಚಿಕೆ ಬರುತ್ತಿದೆ, ಅದಕ್ಕೆ ಅವಳೇ ಸಂಪಾದಕಿ. ನಾನು ಸಮಿತಿಯಲ್ಲಿದ್ದೇನೆ. (ವಯಸ್ಸಾದವರನ್ನು ಇನ್ನೇನು ಮಾಡುತ್ತಾರೆ? ಸಮಿತಿಗೆ ಹಾಕುತ್ತಾರೆ.)

“ಸರ್, ಧೋಂಡಿಬಾ ಅಂತ ಔರಾದ ಕಡೀ ದರ್ಜಿ. ಸಂಘದ ಝಂಡಾ ಎಲ್ಲಾ ಅವ್ರೇ ಪುಕ್ಕಟ ಹೊಲ್ದು ಕೊಡ್ತಿದ್ರಂತ. ಬರಗಾಲದ ಕೆಲಸದ ಪಟ್ಟಿಯಿಂದ ಕಾರಕೂನ ಅವ್ರ ಹೆಸ್ರು ಹೊಡದು ಹಾಕಿದ್ನಂತ. ಅದಕ್ಕ ಹೈದರಾಬಾದಿಗೆ ದುಡೀಲಿಕ್ಕ ಹೋಗಿ ಅಲ್ಲೇ ತೀರಿಕೊಂಡ್ರಂತ. ಖರೇ ಏನ್ರಿ ಸರ್?”

“ಖರೇ” ಎಂದೆ. ಮುಕ್ಕಾಲು ಪಾಲು ಖರೆಯೇ ಇತ್ತು.

ಐವತ್ತು ವರ್ಷ ಮೇಲಾಯಿತು. ಆಗ ಮಳೆ ಒಂದರ ಹಿಂದೆ ಒಂದು ವರ್ಷ ಕೈಕೊಟ್ಟಿತ್ತು. ಔರಾದ ಬಸ್ ನಿಲ್ದಾಣದಲ್ಲಿ ಮಂದಿ ಗಂಟು ಮೂಟೆ, ರೊಟ್ಟಿ ಹಂಚು, ಕೂಸುಗಳ ಸಮೇತ ಕೂತಿರುತ್ತಿದ್ದರು. ಹೈದರಾಬಾದ್, ಪುಣೆ, ಮುಂಬೈ, ಯಾವ ಬಸ್ ಮೊದಲು ಬಂದರೆ ಅದು. ಊರಲ್ಲಿ ಉಳಿದವರಿಗೆ ಸರ್ಕಾರದ ಬರಗಾಲ ಕಾಮಗಾರಿ. ರಸ್ತೆ ಬದಿ ಕೂತು ಸುತ್ತಿಗೆಯಿಂದ ಕಲ್ಲೊಡೆದು ಖಡಿ ಮಾಡುವುದು, ಅದಕ್ಕೆ ಪ್ರತಿಯಾಗಿ ಕೆಂಪು ಜೋಳ ಪಡೆಯುವುದು. (ಅದು ಅಮೆರಿಕದ ಜೋಳ. ಹಗಲು ಅಮೆರಿಕಕ್ಕೆ ಧಿಕ್ಕಾರ ಕೂಗಿ ಸಂಜೆ ಅದರದೇ ರೊಟ್ಟಿ ತಿನ್ನುತ್ತಿದ್ದೆವು.)

ನನಗಾಗ ಇಪ್ಪತ್ತೆರಡು. ಪ್ರತಿ ಭಾನುವಾರ ಬೀದರಿನ ಮೈಲೂರಿನ ಒಂದು ಬಾಡಿಗೆ ಕೋಣೆಯಲ್ಲಿ ನಮ್ಮ ಸ್ಟಡಿ ಸರ್ಕಲ್. ಸೈಕ್ಲೋಸ್ಟೈಲ್ ಹಾಳೆ, ಕಡಕ್ ಚಹಾ, ಕ್ರಾಂತಿ. ಕ್ರಾಂತಿ ಯಾವ ವರ್ಷ ಬರುತ್ತದೆ ಎಂಬ ಬಗ್ಗೆ ಜಗಳ ಇತ್ತೇ ಹೊರತು ಬರುತ್ತದೋ ಇಲ್ಲವೋ ಎಂಬ ಬಗ್ಗೆ ಅಲ್ಲ. ಕೊನೆಗೆ ಸ್ವವಿಮರ್ಶೆ ಎಂಬ ಪದ್ಧತಿ. ಒಬ್ಬೊಬ್ಬರೇ ಎದ್ದು ವಾರದಲ್ಲಿ ಮಾಡಿದ ತಪ್ಪು ಒಪ್ಪಿಕೊಳ್ಳಬೇಕು. “ಕಾಮ್ರೇಡ್, ನಾನು ಸಭೆಗೆ ತಡವಾಗಿ ಬಂದೆ.” “ಕಾಮ್ರೇಡ್, ನಾನು ಮತ್ತೆ ಬೀಡಿ ಸೇದಿದೆ.” ಎಷ್ಟು ಹಗುರ ಅನ್ನಿಸುತ್ತಿತ್ತು ಗೊತ್ತೇ? ಸಣ್ಣ ತಪ್ಪು ಒಪ್ಪಿಕೊಳ್ಳುವ ಸುಖವೇ ಬೇರೆ.

ಖಡಿ ಒಡೆಯುವ ಕೆಲಸಕ್ಕೆ ಪಟ್ಟಿಯಲ್ಲಿ ಹೆಸರಿರಬೇಕಿತ್ತು. ಪಟ್ಟಿ ಊರ ದೊಡ್ಡವರ ಕೈಯಲ್ಲಿತ್ತು. ಅವರ ಕಾಲಿಗೆ ಬಿದ್ದವರಿಗೆ ಕೆಲಸ, ಬೀಳದವರಿಗೆ ಬಸ್ ನಿಲ್ದಾಣ. ನಾವು ಹನ್ನೊಂದು ದಿನ ತಹಸೀಲ್ ಕಚೇರಿ ಮುಂದೆ ಬಿಸಿಲಲ್ಲಿ ಧರಣಿ ಕೂತೆವು. ಹನ್ನೆರಡನೆಯ ದಿನ ತಹಸೀಲ್ದಾರರು ಹೊರಗೆ ಬಂದು, “ಹಂಗಾದ್ರ ಪಟ್ಟಿ ನೀವೇ ಮಾಡಿ ಕೊಡ್ರಿ” ಎಂದರು.

ಗೆದ್ದೆವು! ಹಲಗಿ ಬಾರಿಸಿಕೊಂಡು ಊರು ಸುತ್ತಿದೆವು. ಹೆಣ್ಣುಮಕ್ಕಳು ನಮ್ಮ ಹಣೆಗೆ ಗುಲಾಲು ಹಚ್ಚಿದರು. ಅವರ ಅನ್ನ ನಮ್ಮ ಮಂದಿಯ ಕೈಗೆ ಬಂದಿತ್ತು. ಅಂದರೆ, ನನ್ನ ಕೈಗೆ. ಅಕ್ಷರ ದುಂಡಗಿದ್ದವು ಎಂದು ಪಟ್ಟಿ ಬರೆಯುವ ಕೆಲಸ ನನಗೇ ಬಂತು.

ತಪ್ಪು ಆದದ್ದು ಅಲ್ಲಿ. ಊರ ದೊಡ್ಡವರಾಗಿದ್ದರೆ ಹಸಿದ ಮುಖ ನೋಡಿ, ಬೇಕೆಂದೇ ಹೆಸರು ಬಿಡುತ್ತಿದ್ದರು. ನಾನು ಮುಖ ನೋಡಲೇ ಇಲ್ಲ. ಸ್ಟಡಿ ಸರ್ಕಲ್ಲಿನ ನೋಟ್ಸ್ ತೆಗೆದೆ, ಸ್ಕೇಲ್ ಇಟ್ಟು ಕಾಲಂ ಎಳೆದೆ. ಭೂಹೀನ ಕೂಲಿ, ಬಡ ರೈತ, ಮಧ್ಯಮ ರೈತ, ಶ್ರೀಮಂತ ರೈತ, ಪೆಟಿ ಬೂರ್ಜ್ವಾ ಅಂದರೆ ಸಣ್ಣ ಬಂಡವಾಳದ ಒಡೆಯ. ಕೆಲಸ ಮೊದಲೆರಡು ಕಾಲಮ್ಮಿಗೆ ಮಾತ್ರ. ಕೊನೆಯ ಕಾಲಂ ಖಾಲಿ ಉಳಿಯಿತು. ಆ ಊರಲ್ಲಿ ಪೆಟಿ ಬೂರ್ಜ್ವಾನನ್ನು ಎಲ್ಲಿಂದ ತರುವುದು? ಖಾಲಿ ಕಾಲಂ ನೋಡಿ ನನಗೆ ಸಮಾಧಾನವಿಲ್ಲ. ಆಗ ಧೋಂಡಿಬಾ ನೆನಪಾದ. ಅವನ ಮನೆಯಲ್ಲಿ ಹೊಲಿಗೆ ಮಷೀನಿದೆ! ಉತ್ಪಾದನಾ ಸಾಧನದ ಒಡೆಯ! ಎಷ್ಟು ಖುಷಿಯಿಂದ ಅವನ ಹೆಸರನ್ನು ಅಲ್ಲಿ ಬರೆದೆ ಎಂಬುದು ಇವತ್ತಿಗೂ ನೆನಪಿದೆ, ನಾಚಿಕೆಯಾಗುತ್ತದೆ.

ಬರದ ವರ್ಷ ಹೊಸ ಅಂಗಿ ಹೊಲಿಸುವವರು ಯಾರು? ನಮ್ಮ ಝಂಡಾ ಬಿಟ್ಟರೆ ಮಷೀನಿಗೆ ಕೆಲಸವೇ ಇರಲಿಲ್ಲ. ಚಾವಡಿ ಮುಂದೆ ನಾನು ಪಟ್ಟಿ ಓದಿ ಮುಗಿಸಿದಾಗ ಧೋಂಡಿಬಾ ಹತ್ತಿರ ಬಂದು ಮೆಲ್ಲಗೆ ಕೇಳಿದ. “ಅಣ್ಣಾ, ನನ್ನ ಹೆಸ್ರು ಓದೂದು ಮರತ್ರೇನ್ರಿ?”

ಅವನ ಬೆರಳಿಗೆ ನಮ್ಮ ಝಂಡಾದ ಕೆಂಪು ಬಣ್ಣ ಹತ್ತಿತ್ತು. ಹಿಂದಿನ ದಿನ ತಾನೇ ಹೊಸದೊಂದು ಹೊಲಿದು ಕೊಟ್ಟಿದ್ದ. ನೀನು ಪೆಟಿ ಬೂರ್ಜ್ವಾ ಎಂದು ಆ ಮುಖಕ್ಕೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಡಿ ನಾನು. “ನಾವು ಬರದಿದ್ವಿ ಧೋಂಡಿಬಾ, ತಹಸೀಲಿನ ಕಾರಕೂನ ಹೊಡದ ಹಾಕ್ಯಾನ” ಎಂದುಬಿಟ್ಟೆ.

ಮುಂದಿನ ಪಟ್ಟಿಯಲ್ಲಿ ಸೇರಿಸಿದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಧೋಂಡಿಬಾ ಮಷೀನು ಮಾರಿ, ಹೆಂಡತಿ ಸಖೂಬಾಯಿಯನ್ನೂ ಎಳೆಗೂಸನ್ನೂ ಕರೆದುಕೊಂಡು ಹೈದರಾಬಾದಿನ ಬಸ್ ಹತ್ತಿದ್ದ. (ಮಷೀನು ಹೋದ ಮೇಲೆ ಅವನು ನನ್ನ ಮೊದಲ ಕಾಲಮ್ಮಿಗೆ ಪೂರ್ತಿ ಅರ್ಹನಾಗಿದ್ದ!) ಅಲ್ಲಿ ಕಟ್ಟಡ ಕೆಲಸಕ್ಕೆ ಸೇರಿದನಂತೆ. ಸೂಜಿ ದಾರ ಹಿಡಿದ ಕೈ, ಮೂರನೇ ಮಹಡಿ. ಕಾಲು ಜಾರಿತಂತೆ. ಸಖೂಬಾಯಿ ಕೂಸಿನೊಂದಿಗೆ ಭಾಲ್ಕಿ ತಾಲೂಕಿನ ಮೆಹಕರಕ್ಕೆ, ತವರಿಗೆ ಬಂದಳು. ಸುದ್ದಿ ಕೇಳಿದ ಭಾನುವಾರವೂ ಸ್ಟಡಿ ಸರ್ಕಲ್ ಇತ್ತು. ಸ್ವವಿಮರ್ಶೆಯಲ್ಲಿ ನಾನು ಎದ್ದು ನಿಂತು, ಬೀಡಿ ಬಿಡಲಾಗುತ್ತಿಲ್ಲ ಎಂದೆ.

ಈಗ ಪ್ರಜ್ಞಾ, “ಸಖೂಬಾಯಿ ಇನ್ನಾ ಅದಾರಂತ ಸರ್, ನಡೀರಿ, ಭೆಟ್ಟಿ ಆಗೋಣು” ಎಂದಳು. ಬೇಡ ಎನ್ನಲು ಕಾರಣ ಸಿಗಲಿಲ್ಲ. ಭಾಲ್ಕಿವರೆಗೆ ಬಸ್ಸು, ಅಲ್ಲಿಂದ ಆಟೋ.

ಸಖೂಬಾಯಿ ಪಡಸಾಲೆಯಲ್ಲಿ ತೊಗರಿ ಬೇಳೆ ಆರಿಸುತ್ತಿದ್ದಳು. ಎಪ್ಪತ್ತು ದಾಟಿದೆ, ಕಣ್ಣು ಚುರುಕು. ನನ್ನ ಗುರುತು ಹಿಡಿದು ಚಾಪೆ ಹಾಸಿದಳು. “ಬರ್ರಿ ಅಣ್ಣಾ. ನೀವು ಹೆಸ್ರು ಬರದ ಕೊಟ್ಟವ್ರು. ಮರ್ತಿಲ್ರಿ ನಾ.”

ಚಹಾ ಬಂತು. ಪ್ರಜ್ಞಾ ಫೋನಿನಲ್ಲಿ ರೆಕಾರ್ಡ್ ಒತ್ತಿ, ಪೆನ್ನೂ ಹಿಡಿದಳು. ಸಖೂಬಾಯಿ ಹೇಳಿದಳು.

“ಆ ಕಾರಕೂನ ಭಾಲ್ಕಿಯವ್ನೇ ಇದ್ದ್ರಿ. ಸಂತಿಗಿ ಹೋದಾಗೆಲ್ಲಾ ಅಂವನ ಮನಿ ಮುಂದ ನಿಂತು ಬೈದು ಬರ್ತಿದ್ದೆ. ಮಂದಿ ಕೂಡ್ತಿದ್ರು. ಒಮ್ಮೆ ಅಂವನೇ ಇಲ್ಲಿತನ ಬಂದ. ಮುದುಕ ಆಗಿದ್ದ, ಕೈಯಾಗ ಬಡಿಗಿ ಹಿಡದಿದ್ದ. ‘ಬಾಯಿ, ನಮ್ಮವ್ವನ ಆಣಿ, ಆ ಹೆಸ್ರು ನಾ ಹೊಡದಿಲ್ಲ’ ಅಂದ. ಬಿಸಲಾಗ ಬಂದಿದ್ದ, ನೀರು ಸುದ್ದಾ ಕೊಡ್ಲಿಲ್ರಿ ನಾ. ಹಂಗೇ ಹೊಳ್ಳಿ ಹೋದ. ಆಮ್ಯಾಲ ಭಾಳ ದಿನಾ ಉಳೀಲಿಲ್ಲ.”

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಪ್ರಜ್ಞಾ ಭರಭರ ಬರೆದುಕೊಳ್ಳುತ್ತಿದ್ದಳು. ಸಂಚಿಕೆಗೆ ಇದಕ್ಕಿಂತ ಒಳ್ಳೆಯ ಸರಕು ಬೇಕೆ? ನನ್ನ ಕೈಯಲ್ಲಿದ್ದ ಚಹಾ ಆರಿ ಹೋಯಿತು. ವರ್ಷಗಟ್ಟಲೆ ನನ್ನ ಪಾಲಿನ ಬೈಗುಳ ತಿಂದು, ನೀರೂ ಇಲ್ಲದೆ ಮರಳಿದ ಆ ಮುದುಕ ಕಣ್ಣ ಮುಂದೆ ಬಂದ. ಇನ್ನು ಸುಮ್ಮನಿದ್ದರೆ ಅದನ್ನು ಅಚ್ಚು ಹಾಕಿಸುವವನೂ ನಾನೇ ಆಗುತ್ತಿದ್ದೆ.

“ಅಂವ ಹೊಡದಿಲ್ಲ, ಸಖೂಬಾಯಿ. ಆ ಪಟ್ಟ್ಯಾಗ ಹೆಸ್ರು ಇರ್ಲೇ ಇಲ್ಲ. ನಾನೇ ಬಿಟ್ಟಿದ್ದೆ.”

ಬೇಳೆಯ ಮೇಲಿದ್ದ ಅವಳ ಕೈ ನಿಂತಿತು. “ಯಾಕ್ರಿ?”

“ಧೋಂಡಿಬಾ ಕಡಿ ಮಷೀನಿತ್ತು. ನಮ್ಮ ಪುಸ್ತಕದ ಲೆಕ್ಕಕ್ಕ ಅಂವ ಕೂಲಿಯವ ಆಗ್ತಿದ್ದಿಲ್ಲ.”

ಅವಳು ಬೇಳೆಯ ಮೊರ ಪಕ್ಕಕ್ಕೆ ಸರಿಸಿದಳು. “ಮಿಷಿನ್ ಅಂವಂದು ಅಂತ ಯಾರ್ ಹೇಳಿದ್ರಿ ನಿಮಗ? ಅದು ನಂದು. ಲಗ್ನದಾಗ ನಮ್ಮಪ್ಪ ನನಗ ಕೊಟ್ಟಿದ್ದು. ಅಂವನ ಹಂತ್ಯಾಕ ಏನ್ ಇತ್ರಿ? ಒಂದು ಕತ್ರಿ.”

ಆಸ್ತಿಯ ಮೂಲ, ಆಸ್ತಿಯ ಒಡೆತನ, ಆಸ್ತಿಯ ನಾಶ. ಎಷ್ಟು ಭಾನುವಾರ ಚರ್ಚಿಸಿದ್ದೆವು! ಒಂದು ಮನೆಯಲ್ಲಿ ಒಂದು ಮಷೀನು ಯಾರದು ಎಂದು ಒಬ್ಬ ಹೆಂಗಸನ್ನು ಕೇಳಿರಲಿಲ್ಲ. ಇವತ್ತೂ ರೇಷನ್ ಪಟ್ಟಿಯಲ್ಲಿ ಹೆಸರಿಲ್ಲದವರು ಕೌಂಟರ್ ಮುಂದೆ ನಿಂತರೆ ಒಳಗಿನವರು ಕಂಪ್ಯೂಟರ್ ತೋರಿಸಿ “ಮ್ಯಾಲಿಂದೇ ಬಂದಿಲ್ಲ” ಎನ್ನುತ್ತಾರೆ. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಯಾವ ಮುಖ ಇಟ್ಟುಕೊಂಡು ಸಿಟ್ಟಾಗಲಿ?

ಸಖೂಬಾಯಿ ಆಮೇಲೆ ನನ್ನ ಕಡೆ ತಿರುಗಲಿಲ್ಲ. ಪ್ರಜ್ಞಾಳಿಗೆ ಹೇಳಿದಳು. “ಬರಿಯವ್ವಾ. ಕಾರಕೂನ ಹೊಡದಿಲ್ಲಂತ ಬರಿ. ಅಂವನ ಹೆಣ್ತಿ ಇನ್ನಾ ಅದಾಳ ಭಾಲ್ಕ್ಯಾಗ. ಛಾಪಾ ಆದ ಮ್ಯಾಲ ನಾನೇ ಒಯ್ದು ಕೊಡ್ತೇನಿ. ಓದಿಸಿ ಕೇಳ್ಲಿ ಪಾಪ.”

ಬೀದರಿಗೆ ಬಂದವನೇ ಬರೆದೆ. ಅರ್ಧ ಪುಟ ಕೇಳಿದ್ದರು, ಒಂದು ಪುಟವಾಯಿತು. ಎಲ್ಲ ಬರೆದೆ, ನನ್ನ ಹೆಸರು ಸಮೇತ.

ಮೊನ್ನೆ ಭಾನುವಾರ ಸಮಿತಿ ಸೇರಿತು. ಪುಟ ಕೈಯಿಂದ ಕೈಗೆ ದಾಟಿತು. ಯಾರೂ ಕೆಟ್ಟವರಲ್ಲ. ಲಾಠಿ ತಿಂದವರು, ಜೈಲು ಕಂಡವರು. “ಕಾಮ್ರೇಡ್, ಇದು ವಿರೋಧಿಗಳ ಕೈಗೆ ನಾವೇ ಬಡಿಗಿ ಕೊಟ್ಟಂಗ ಆಗ್ತದ” ಎಂದರು ಒಬ್ಬರು. “ಕಾರಕೂನ ಅಂತಾನೇ ಇರ್ಲಿ ಬಿಡ್ರಿ, ಅಂವ ಹ್ಯಾಂಗೂ ಸತ್ತಾನ” ಎಂದರು ಇನ್ನೊಬ್ಬರು. ಸುಳ್ಳು ಛಾಪಿಸುವುದಿಲ್ಲ ಎಂದು ಪ್ರಜ್ಞಾ ಹಟ ಹಿಡಿದಳು. ಕೊನೆಗೆ ಕೈ ಎತ್ತಿಸಿದರು. ನಮ್ಮ ಕಡೆ ಎರಡೇ ಕೈ, ಅವಳದು ಮತ್ತು ನನ್ನದು. ಸ್ಥಳಾವಕಾಶದ ಕೊರತೆಯಿಂದ ಆ ಪುಟ ಕೈಬಿಡಲಾಗಿದೆ ಎಂದು ನಡಾವಳಿಯಲ್ಲಿ ಬರೆದುಕೊಂಡರು. ಹುತಾತ್ಮರ ಪಟ್ಟಿಯಲ್ಲಿ ಧೋಂಡಿಬಾ ಈಗ ಇಲ್ಲ.

ಅದಕ್ಕೇ ಈ ವಾರ ಇಲ್ಲಿ, ನನ್ನ ಅಂಕಣದಲ್ಲಿ ಬರೆದೆ. ಈ ಪತ್ರಿಕೆ ಭಾಲ್ಕಿಗೂ ಹೋಗುತ್ತದೆ, ಕಾರಕೂನನ ಹೆಂಡತಿಗೆ ಯಾರಾದರೂ ಓದಿ ಹೇಳಿ. ಸಖೂಬಾಯಿಗೆ ಮಾತ್ರ ಏನು ಹೇಳಲಿ, ಈ ಸಲ ಅವಳ ಗಂಡನ ಹೆಸರು ಹೊಡೆದ ಕಾರಕೂನ ಯಾರು ಅನ್ನಲಿ?