ಕುಂಕುಮ ಹತ್ತಿದ ಗೇಟ್ ಪಾಸುಗಳು

ನಮ್ಮ ಮನೆಯ ಹಿಂದಿನ ರಸ್ತೆಯುದ್ದಕ್ಕೂ ಒಂದು ಕಾಂಪೌಂಡ್ ಗೋಡೆ. ಅದರ ಆಚೆ ಇರುವುದು ಕೇಂದ್ರ ಸರ್ಕಾರದ ಕಾರ್ಖಾನೆ. ಇತ್ತು ಅನ್ನಬೇಕು, ಮುಚ್ಚಿ ಕೆಲವು ವರ್ಷವಾಯಿತು. ನಾನು ಮದುವೆಯಾಗಿ ಜಾಲಹಳ್ಳಿ ಪಕ್ಕದ ಈ ಊರಿಗೆ ಬಂದ ಹೊಸದರಲ್ಲಿ ಅದರ ಸೈರನ್ ಕೇಳಿಯೇ ಅಕ್ಕಿ ತೊಳೆದು ಇಡುತ್ತಿದ್ದೆ. ಗಡಿಯಾರ ನೋಡುವ ಅಭ್ಯಾಸ ಆಮೇಲೆ ಬಂತು.

ಆ ಗೋಡೆಯ ಒಳಗೆ, ಮೂಲೆಯಲ್ಲಿ, ನಮ್ಮ ಊರಿನ ಅರಳಿಕಟ್ಟೆ ಇದೆ. ಕಟ್ಟೆಯ ಮೇಲೆ ಏಳು ನಾಗರಕಲ್ಲು. ಕಾರ್ಖಾನೆಗೆಂದು ಜಮೀನು ತೆಗೆದುಕೊಂಡಾಗ ನಮ್ಮ ಮಾವನವರ ತಂದೆಯ ರಾಗಿ ಹೊಲ ಹೋಯಿತು, ಅದರ ಜೊತೆ ಕಟ್ಟೆಯೂ ಒಳಗೆ ಸೇರಿತು. ಅಂದಿನ ಕಾರ್ಖಾನೆಯವರು ಒಳ್ಳೆಯವರೇ. ಮರ ಕಡಿಯಲಿಲ್ಲ, ಕಲ್ಲು ಕೀಳಲಿಲ್ಲ, ತಮ್ಮ ಲಾರಿ ದಾರಿಯನ್ನೇ ಅದರ ಸುತ್ತ ಬಳಸಿಕೊಂಡು ಹಾಕಿಸಿದರು. ಆದರೆ ಗೇಟು ಗೇಟೇ. ಊರಿನ ಹೆಂಗಸರು ಒಳಗೆ ಹೋಗಬೇಕಾದರೆ ಪಾಸ್ ಬರೆಸಬೇಕು.

ಗುಲಾಬಿ ಬಣ್ಣದ ಚಿಕ್ಕ ಚೀಟಿ ಅದು. ಹೆಸರು, ಊರು, ಬಂದ ಕಾರಣ, ಒಳಗೆ ಹೋದ ಹೊತ್ತು. ಕಾರಣದ ಜಾಗದಲ್ಲಿ ಕಾವಲಿನವರು 'ಪೂಜೆ' ಅಂತ ಬರೆಯುತ್ತಿದ್ದರು. ಹೊರಗೆ ಬರುವಾಗ ಹೊತ್ತು ಬರೆದು, ಸೀಲು ಹೊಡೆದು, ಅರ್ಧ ಹರಿದು ತಾವು ಇಟ್ಟುಕೊಂಡು ಇನ್ನರ್ಧ ನಮಗೆ ಕೊಡುವರು. ಸೀರೆಗೆ ಜೇಬಿಲ್ಲವಲ್ಲ, ಚೀಟಿಯನ್ನು ಹೂವು-ಹಣ್ಣಿನ ತಟ್ಟೆಯಲ್ಲೇ ಇಡುತ್ತಿದ್ದೆವು. ಮನೆಗೆ ಬರುವಷ್ಟರಲ್ಲಿ ಅದಕ್ಕೆ ಅರಿಶಿನ ಕುಂಕುಮ ಹತ್ತಿರುತ್ತಿತ್ತು. ಕುಂಕುಮ ಹತ್ತಿದ ಕಾಗದವನ್ನು ಕಸದ ಬುಟ್ಟಿಗೆ ಹಾಕುವ ಮನೆ ನಮ್ಮದಲ್ಲ. ಹರಿಯುವ ನೀರಿಗೆ ಬಿಡಬೇಕು. ನಮ್ಮ ಕಡೆ ಹರಿಯುವ ನೀರು ಎಲ್ಲಿದೆ? ಕೆರೆಗೆ ತಂತಿಬೇಲಿ, ರಾಜಕಾಲುವೆಯಲ್ಲಿ ಹರಿಯುವುದನ್ನು ನೀರು ಅನ್ನಲಿಕ್ಕೆ ನಾಲಗೆ ಬರುವುದಿಲ್ಲ. ಹಾಗಾಗಿ ಅತ್ತೆಯವರು ಆ ಚೀಟಿಗಳನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ತುಂಬಿ ದೇವರ ಮನೆಯ ಅಟ್ಟದ ಮೇಲೆ ಇಡುತ್ತಿದ್ದರು. ಯಾವತ್ತಾದರೂ ಹೊಳೆ ಕಡೆ ಹೋದಾಗ ಬಿಡೋಣ ಅಂತ. ಹೊಳೆ ಕಡೆ ಯಾವತ್ತೂ ಹೋಗಲಿಲ್ಲ.

ಮದುವೆಯಾಗಿ ಏಳು ವರ್ಷ ನನಗೆ ಮಕ್ಕಳಾಗಿರಲಿಲ್ಲ. ಅತ್ತೆಯವರು ಒಂದು ಚುಚ್ಚುಮಾತೂ ಆಡಲಿಲ್ಲ, ಅದು ದೇವರು ನನಗೆ ಕೊಟ್ಟ ಮೊದಲ ಭಾಗ್ಯ. ಸೋಮವಾರ ಬೆಳಿಗ್ಗೆ ಎಬ್ಬಿಸಿ, "ನಡಿಯಮ್ಮ, ಕಟ್ಟೆ ಸುತ್ಕೊಂಡ್ ಬರಾನ," ಅನ್ನುವರು. ನಾನು ಸುತ್ತುತ್ತಿದ್ದೆ, ಅವರು ಮೆಟ್ಟಿಲ ಮೇಲೆ ಕೂತು ಒಂದೊಂದು ಸುತ್ತಿಗೆ ಒಂದೊಂದು ಕಡಲೆಬೀಜ ಪಕ್ಕಕ್ಕೆ ಇಡುತ್ತಿದ್ದರು. ಕೆಲವೊಮ್ಮೆ ಮರೆತು ತಿಂದುಬಿಡುತ್ತಿದ್ದರು, ನಾನು ಹೆಚ್ಚು ಸುತ್ತಬೇಕಾಗುತ್ತಿತ್ತು. ಎಂಟನೆಯ ವರ್ಷ ಮಗಳು ಹುಟ್ಟಿದಳು. ಡಾಕ್ಟರು ಅವರ ಔಷಧಿಯಿಂದ ಅಂದರು. ಇರಬಹುದು. ಔಷಧಿಯನ್ನೂ ದೇವರೇ ಕೊಟ್ಟಿದ್ದು.

ಕಾರ್ಖಾನೆ ಮುಚ್ಚಿದ ಮೇಲೆ ಒಳಗೆ ಲಂಟಾನ ಬೆಳೆಯಿತು, ಕ್ವಾರ್ಟರ್ಸಿನ ಹೆಂಚು ಬಿತ್ತು. ಒಬ್ಬ ಕಾವಲುಗಾರ ಮಾತ್ರ ಉಳಿದ. ಅವನೂ ಪಾಸ್ ಬರೆಯುವುದನ್ನು ಬಿಡಲಿಲ್ಲ. ಆಮೇಲೆ ಸುದ್ದಿ ಬಂತು: ಇದು ಈಗ ಕೇಂದ್ರದ ಹೆಚ್ಚುವರಿ ಜಮೀನು, ಬಹುಪಾಲು ಹರಾಜಿಗೆ ಹೋಗುತ್ತದೆ, ಕಟ್ಟೆ ಇರುವ ಮೂಲೆಯ ಮೂರು ಎಕರೆಯನ್ನು ಊರಿನ ಬಳಕೆಗೆ ಅಂತ ಪಾಲಿಕೆಗೆ ವರ್ಗಾಯಿಸಬಹುದು. ಊರಿನವರೆಲ್ಲ ಅರ್ಜಿಗೆ ಸಹಿ ಹಾಕಿದೆವು. ಆಡುವುದಕ್ಕೆ ಒಂದು ಬಯಲು, ಒಂದು ಆರೋಗ್ಯ ಕೇಂದ್ರ, ನಮ್ಮ ಕಟ್ಟೆ. ಸುತ್ತ ಇಪ್ಪತ್ತು ಅಂತಸ್ತು ಎದ್ದಿದೆ, ಊರಿನವರು ನಿಂತುಕೊಳ್ಳಲಿಕ್ಕೆ ಜಾಗವಿಲ್ಲ. ನನಗಂತೂ ಒಂದೇ ಆಸೆ. ಯಾರನ್ನೂ ಕೇಳದೆ, ಬರೆಸದೆ, ನಮ್ಮ ದೇವರ ಹತ್ತಿರ ನಡೆದು ಹೋಗಬೇಕು. ಅತ್ತೆಯವರಿಗೆ ಎಂಬತ್ತು ದಾಟಿದೆ. ಅವರು ಈ ಊರಿನಲ್ಲೇ ಹುಟ್ಟಿ ಇಲ್ಲಿಗೇ ಸೊಸೆಯಾದವರು. ಚೀಟಿಯಿಲ್ಲದೆ ಕೈ ಬೀಸಿಕೊಂಡು ಆ ಕಟ್ಟೆಗೆ ಕೊನೆಯ ಸಲ ಹೋಗಿದ್ದು ಲಂಗ ಉಡುವ ವಯಸ್ಸಿನಲ್ಲಿ.

ಜಂಟಿ ಪರಿಶೀಲನೆಗೆ ಅಧಿಕಾರಿಗಳು ಬರುತ್ತಾರೆ ಅಂತ ಗೊತ್ತಾಯಿತು. ಇಲ್ಲಿ ನಾವು ಹೆಂಗಸರು ಒಂದು ತಪ್ಪು ಮಾಡಿದೆವು. ಮನೆಗೆ ನೆಂಟರು ಬರುತ್ತಾರೆ ಅಂದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆವು. ಕಾವಲುಗಾರನ ಹತ್ತಿರ ಎರಡು ದಿನ ಪಾಸ್ ಬರೆಸಿ ಲಂಟಾನ ಕಿತ್ತು, ಕಟ್ಟೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದೆವು. ನನ್ನ ಓರಗಿತ್ತಿ ಬಿಸಿಲು ಬೀಳಬಾರದು ಅಂತ ಮಗನಿಂದ ತಗಡಿನ ಚಪ್ಪರ ಹಾಕಿಸಿದಳು, ಒಂದು ಗಂಟೆ ಕಟ್ಟಿಸಿದಳು. ದೇವರ ಹೆಸರಿನ ಬೋರ್ಡು, ಮಾವಿನ ತೋರಣ, ಗೇಟಿನಿಂದ ಕಟ್ಟೆಯವರೆಗೆ ರಂಗೋಲಿ. ಬಂದವರಿಗೆ ಪಾನಕ, ಕೋಸಂಬರಿ. ದೊಡ್ಡ ಅಧಿಕಾರಿ ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡರು. "ಸೌತೆಕಾಯಿ ಎಳೇದಿದೆ," ಅಂದರು. ಆಮೇಲೆ ಫೋಟೋ ತೆಗೆಸಿ, ಕೈ ಒರೆಸಿಕೊಂಡು, ಬರೆದುಕೊಂಡು ಹೋದರು.

ಬರೆದದ್ದು ಏನು ಅಂತ ಎರಡು ತಿಂಗಳ ಮೇಲೆ ಕಾಗದ ಬಂದಾಗ ತಿಳಿಯಿತು. ಸದರಿ ಜಾಗದಲ್ಲಿ ಸ್ಥಳೀಯರಿಂದ ಹೊಸದಾಗಿ ಧಾರ್ಮಿಕ ಕಟ್ಟಡ ನಿರ್ಮಾಣವಾಗಿದ್ದು ಒತ್ತುವರಿಯಾಗಿದೆ, ಒತ್ತುವರಿ ಇರುವ ಜಮೀನು ವರ್ಗಾವಣೆಗೆ ಯೋಗ್ಯವಲ್ಲ.

ಯಜಮಾನರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. "ನಿಮ್ಮ ಕೋಸಂಬರಿ ನಮ್ಮ ಮೂರು ಎಕರೆ ತಿಂದ್ ಹಾಕ್ತು ಕಣೆ," ಅಂದರು.

ಮಾರನೆಯ ದಿನವೇ ಭಾವ ಬಂದರು. ಯಜಮಾನರ ಅಣ್ಣ, ಆ ಓರಗಿತ್ತಿಯ ಗಂಡ. ಕಾರ್ಖಾನೆಗೆ ಹೋಗಿ ಉಳಿದಿದ್ದ ನಮ್ಮ ಜಮೀನಿನಲ್ಲಿ ಮನೆ ಕಟ್ಟಿಸಿ ಮಾರಿ, ಈಗ ತಣಿಸಂದ್ರದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವವರು. ಕೆಟ್ಟವರಲ್ಲ, ಆತುರದವರು. ಒಂದು ಟೈಪ್ ಮಾಡಿದ ಕಾಗದ ತಂದಿದ್ದರು.

"ನೋಡಮ್ಮ, ಸಿಂಪಲ್. ನಾಳೆ ಜೆಸಿಬಿ ತರಿಸ್ತೀನಿ. ಕಲ್ಲು ಏಳನ್ನೂ ಎತ್ತಿ ನಮ್ ಅಪಾರ್ಟ್‌ಮೆಂಟ್ ದೇವಸ್ಥಾನದಲ್ಲಿ ಇಟ್‌ಬಿಡಾಣ. ಅರ್ಚಕರ ಹತ್ರ ಮಾತಾಡಿದೀನಿ, ಶಾಸ್ತ್ರೋಕ್ತವಾಗೇ ಮಾಡಿಸ್ತೀನಿ. ಅಲ್ಲಿ ಯಾವ ಪೂಜೇನೂ ನಡೀತಿರಲಿಲ್ಲ ಅಂತ ನೀವು ಹೆಂಗಸ್ರು ಒಂದ್ ಸಹಿ ಹಾಕಿದ್ರೆ ಫೈಲು ಕ್ಲೀನ್."

"ಮರಾನೂ ಎತ್ತುತ್ತಾ ಭಾವ, ನಿಮ್ಮ ಜೆಸಿಬಿ?"

"ಮರ ಇರ್ಲಿ ಬಿಡು. ಮರಕ್ಕೇನ್ ಬರ್ದಿರಲ್ಲ ದೇವ್ರು ಅಂತ."

"ನಡೀತಿರಲಿಲ್ಲ ಅಂತ ನಾನು ಬರಿಯಲ್ಲ."

"ಒಂದ್ ಸುಳ್ಳಿಗೆ ಮೂರು ಎಕರೆ ಕಣಮ್ಮ. ಊರಿಗೆ ಒಳ್ಳೇದಾಗುತ್ತೆ. ದೇವ್ರೇನ್ ಬೇಜಾರ್ ಮಾಡ್ಕೊಳಲ್ಲ."

"ದೇವರ ಮಾತು ಬಿಡಿ. ನನ್ನ ಮಗಳಿಗೆ ಏನ್ ಹೇಳ್ಲಿ? ನೀನು ಹುಟ್ಟೋಕೆ ನಾನು ಎಲ್ಲೂ ಸುತ್ತಲಿಲ್ಲ ಅಂತಲಾ?"

ನಾನು ಹಿರಿಯರ ಎದುರು ಅಷ್ಟು ಮಾತಾಡಿದವಳಲ್ಲ. ಭಾವ ಯಜಮಾನರ ಮುಖ ನೋಡಿದರು. ಯಜಮಾನರು ಪೇಪರ್ ಬಿಡಿಸಿಕೊಂಡು ಕೂತರು. ಅವರ ಧೈರ್ಯ ಅಷ್ಟೇ, ಆದರೆ ಅಡ್ಡ ಬರಲಿಲ್ಲ. ಅದೂ ಒಂದು ಭಾಗ್ಯ ಅಂತ ಎಣಿಸಿಕೊಂಡೆ.

ಭಾವ ಹೋಗುವಾಗ ಬಾಗಿಲಲ್ಲಿ ನಿಂತು, "ಒತ್ತುವರಿ ಅಲ್ಲ ಅಂತ ಹೆಂಗ್ ಪ್ರೂವ್ ಮಾಡ್ತೀಯ ಹೇಳು ನೋಡಾಣ," ಅಂದರು. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯವರು ತಲೆ ಎತ್ತದೆ ಹೇಳಿದರು: "ಒತ್ತುವರಿ ಮಾಡೋನು ಚೀಟಿ ಬರ್ಸಿ ಒಳೀಕ್ ಓಯ್ತಾನೇನ್ಲಾ? ಓದ್ ಒತ್ತು, ಬಂದ್ ಒತ್ತು ಬರ್ಸಿ ಓಯ್ತಾನಾ?"

ಭಾವ, "ಚೀಟಿ ಎಲ್ಲವ್ವ ಈಗ," ಅಂದರು.

"ಅಟ್ಟದ ಮ್ಯಾಲೆ."

ಸ್ಟೂಲು ಹಾಕಿ ಡಬ್ಬಿ ಇಳಿಸಿದೆ. ಒಂದಲ್ಲ, ಮೂರು ಡಬ್ಬಿ. ಮುಚ್ಚಳ ತುಕ್ಕು ಹಿಡಿದು ಬರಲಿಲ್ಲ, ಭಾವನೇ ಚಮಚ ಹಾಕಿ ಮೀಟಿದರು. ಒಳಗೆ ಗುಲಾಬಿ ಬಣ್ಣ ಬಿಳಿಚಿಕೊಂಡ ಚೀಟಿಗಳು, ಅರಿಶಿನದ ಬೆರಳಚ್ಚು, ಕಾರ್ಖಾನೆಯ ಸೀಲು. ಕಾರಣ: ಪೂಜೆ. ಕಾರಣ: ಪೂಜೆ. ಅತ್ತೆಯವರ ಹೆಸರು, ಆಮೇಲೆ ನನ್ನ ಹೆಸರು, ನನ್ನ ಮಗಳ ಹೆಸರೂ ಒಂದರಲ್ಲಿ, ಜೊತೆಗೆ 'ಕೂಸು' ಅಂತ. ಭಾವ ತಮ್ಮ ತಾಯಿಯ ಹೆಸರಿನ ಚೀಟಿ ಒಂದನ್ನು ಬೆಳಕಿಗೆ ಹಿಡಿದು ಓದಿದರು. ಆ ಟೈಪ್ ಮಾಡಿದ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು, ಮತ್ತೆ ಹೊರಗೆ ತೆಗೆಯಲಿಲ್ಲ.

ನಮ್ಮ ಮನೆಯಲ್ಲಿ ಇದ್ದ ಮೇಲೆ ಬೇರೆ ಮನೆಯಲ್ಲಿ ಇರದೆ ಇರುತ್ತದೆಯೇ? ಹೋಗಿ ಕೇಳಿದೆ. ಒಬ್ಬರು ದೇವರ ಪಟದ ಹಿಂದಿನಿಂದ ತೆಗೆದರು, ಒಬ್ಬರು ಅಕ್ಕಿ ಡ್ರಮ್ಮಿನ ಕೆಳಗಿನಿಂದ. ಎಲ್ಲರಿಗೂ ಒಂದೇ ಕಷ್ಟ, ಹರಿಯುವ ನೀರು ಇಲ್ಲ.

ಕಚೇರಿಗೆ ನಾನು, ಓರಗಿತ್ತಿ, ಅತ್ತೆಯವರು ಮೂವರೇ ಹೋದೆವು. ಅದೇ ಕೋಸಂಬರಿ ಅಧಿಕಾರಿ. ಮೊದಲ ದಿನ ಮೀಟಿಂಗ್ ಅಂದರು. ಎರಡನೆಯ ದಿನ ಊಟದ ಹೊತ್ತು ಅಂದರು. ಮೂರನೆಯ ದಿನ ಅತ್ತೆಯವರು ಅವರ ಬಾಗಿಲ ಎದುರೇ ಚಕ್ಕಳಮಕ್ಕಳ ಹಾಕಿ ಕೂತು ಕಡಲೆಬೀಜ ಬಿಡಿಸತೊಡಗಿದರು. ಒಳಗೆ ಕರೆದರು.

ಡಬ್ಬಿಗಳನ್ನು ಮೇಜಿನ ಮೇಲೆ ಇಟ್ಟೆ. ಅವರು ಒಂದೊಂದನ್ನೇ ತಿರುಗಿಸಿ ನೋಡಿದರು. ಬೆರಳಿಗೆ ಕುಂಕುಮ ಹತ್ತಿತು.

"ಇಷ್ಟ್ ವರ್ಷದ್ದು ಯಾಕ್ರೀ ಇಟ್ಕೊಂಡಿದೀರಿ?"

"ಕುಂಕುಮ ಇದೆಯಲ್ಲ ಸಾರ್. ಎಲ್ಲಿ ಬಿಸಾಡ್ಲಿ?"

"ಆದ್ರೆ ಚಪ್ಪರ ಹೊಸದು, ಬೋರ್ಡ್ ಹೊಸದು. ನಾನ್ ನೋಡಿದ್ದನ್ನ ಬರ್ದಿದೀನಿ."

"ಅದನ್ನ ಹಾಕಿದ್ದು ನೀವು ಬರ್ತೀರಿ ಅಂತ," ಓರಗಿತ್ತಿ ಅಂದಳು. "ನಿಮ್ ತಲೆಗ್ ಬಿಸಿಲ್ ಬೀಳ್ಬಾರ್ದು ಅಂತ."

ನಾನು ಹೇಳಿದೆ: "ತಗಡು ತೆಗೀತೀವಿ, ಬೋರ್ಡು ತೆಗೀತೀವಿ. ಕಲ್ಲು ತೆಗೆಯಲ್ಲ. ನಮ್ಮ ಹಿರಿಯರು ಹೊಲ ಕೊಟ್ಟ ಮೇಲೂ ನಮ್ಮ ದೇವರಿಗೆ ನಾವೇ ಚೀಟಿ ಬರೆಸ್ಕೊಂಡು, ಹೊತ್ತಿಗೆ ಸರಿಯಾಗಿ ಹೊರಗೆ ಬಂದಿದೀವಿ. ಒಂದು ದಿನ ಒಳಗೆ ಉಳಿದಿದೀವಿ ಅಂತ ಒಂದು ಚೀಟಿ ತೋರಿಸಿ. ಆಮೇಲೆ ಒತ್ತುವರಿ ಅನ್ನಿ. ಬರೆದದ್ದು ತಪ್ಪಾಗಿದೆ ಸಾರ್, ತಿದ್ದಿ."

ಅವರಿಗೆ ಸಿಟ್ಟು ಬಂದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಚೀಟಿಗಳನ್ನು ಜೆರಾಕ್ಸ್ ಮಾಡಿಸಲು ಕಳಿಸಿದರು. ಅಸಲು ಬಿಟ್ಟುಹೋಗಿ ಅಂದದ್ದಕ್ಕೆ ಅತ್ತೆಯವರು ಡಬ್ಬಿಯ ಮೇಲೆ ಕೈ ಇಟ್ಟರು. ಮತ್ತೆ ಕೇಳಲಿಲ್ಲ.

ಎರಡನೆಯ ಪರಿಶೀಲನೆಗೆ ಬಂದಾಗ ತಗಡಿರಲಿಲ್ಲ, ಗಂಟೆ ಇರಲಿಲ್ಲ. ರಂಗೋಲಿ ಇರಲಿಲ್ಲ. ಪಾನಕವೂ ಇಲ್ಲ. ಬಂದವರಿಗೆ ಒಂದು ಲೋಟ ನೀರು ಕೊಡದೆ ನಿಂತಿದ್ದು ನನಗೆ ಜೀವನದಲ್ಲಿ ಅದೇ ಮೊದಲು. ಬಿಸಿಲಿತ್ತು. ಮೇಲೆ ಯಲಹಂಕ ಕಡೆ ವಿಮಾನ ಹೋಗುತ್ತಿತ್ತು, ಅಧಿಕಾರಿ ಅದನ್ನೇ ನೋಡುತ್ತಿದ್ದರು. ಕಟ್ಟೆಯ ಮೇಲೆ ಒಂದೇ ಒಂದು ಎಣ್ಣೆ ದೀಪ ಇಟ್ಟಿದ್ದೆವು. ಅದನ್ನು ಆರಿಸಲು ಯಾರೂ ಹೇಳಲಿಲ್ಲ, ಹೇಳಿದ್ದರೂ ಆರಿಸುತ್ತಿರಲಿಲ್ಲ.

ಕೊನೆಗೆ ವರ್ಗಾವಣೆ ಆಯಿತು. ಮೂರು ಎಕರೆ ಕೇಳಿದ್ದಕ್ಕೆ ಎರಡು ಎಕರೆ ಚಿಲ್ಲರೆ. ಉಳಿದದ್ದರಲ್ಲಿ ಈಗ ಕ್ರೇನು ತಿರುಗುತ್ತಿದೆ. ಆರೋಗ್ಯ ಕೇಂದ್ರದ ಫಲಕ ನಿಂತಿದೆ, ಕೇಂದ್ರ ನಿಂತಿಲ್ಲ. ಅದಕ್ಕೂ ಅರ್ಜಿ ಬರೆದಿದ್ದೇನೆ, ಬರೆಯುತ್ತಿರುತ್ತೇನೆ. ಸಂಜೆ ಮಕ್ಕಳು ಆಡುತ್ತವೆ, ಚೆಂಡು ಕಟ್ಟೆಯ ಮೇಲೆ ಬಿದ್ದರೆ ಚಪ್ಪಲಿ ಬಿಟ್ಟು ಹತ್ತಿ ತೆಗೆದುಕೊಳ್ಳುತ್ತವೆ. ನಾನು ಹೇಳಿಕೊಟ್ಟದ್ದಲ್ಲ.

ಕಳೆದ ಸೋಮವಾರ ಅತ್ತೆಯವರ ಕೈ ಹಿಡಿದುಕೊಂಡು ಹೊರಟೆ. ಪಾಲಿಕೆಯವರು ಹೊಸ ಗೇಟು ಹಾಕಿಸಿದ್ದಾರೆ, ಕುರ್ಚಿಯ ಮೇಲೆ ಹೊಸ ಕಾವಲುಗಾರ, ಮುಂದೆ ಒಂದು ರಿಜಿಸ್ಟರ್. ಅತ್ತೆಯವರು ಅಭ್ಯಾಸಬಲದಿಂದ ತಟ್ಟೆ ಮುಂದೆ ಚಾಚಿದರು, ಚೀಟಿ ಹಾಕಲಿ ಅಂತ.

"ಹೆಸ್ರು, ಫೋನ್ ನಂಬರ್, ಬಂದ ಕಾರಣ ಬರೀರಿ ಅಮ್ಮ," ಅಂದ ಅವನು.

"ಬರಿಯಲ್ಲ."

"ರೂಲ್ಸ್ ಅಮ್ಮ. ಬರೀದಿದ್ರೆ ನಮ್ ಸಾಹೇಬ್ರು ನನ್ ಬೈತಾರೆ."

"ನಿನ್ನ ಮೇಲೆ ಸಿಟ್ಟಿಲ್ಲಪ್ಪ. ನಿಮ್ಮ ಸಾಹೇಬರಿಗೆ ಫೋನ್ ಮಾಡು. ಬರೆಯೋದನ್ನೆಲ್ಲ ಬರೆದಾಗಿದೆ, ಮೂರು ಡಬ್ಬಿ ಇದೆ, ಮನೆಗೆ ಬಂದ್ರೆ ತೋರಿಸ್ತೀನಿ ಅಂತ ಹೇಳು. ನಾನು ಒಳಗೇ ಇರ್ತೀನಿ. ನೂರೆಂಟು ಸುತ್ತು ಇದೆ, ಅವರು ನಿಧಾನವಾಗೇ ಬರಲಿ."

ಅತ್ತೆಯವರ ತಟ್ಟೆಯನ್ನು ನನ್ನ ಕೈಗೆ ತೆಗೆದುಕೊಂಡು ಒಳಗೆ ನಡೆದೆ. ಅವರು ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿ ಕಡಲೆಬೀಜ ಎಣಿಸಿ ಇಟ್ಟರು. ನಾನು ಸುತ್ತತೊಡಗಿದೆ. ಕಾವಲುಗಾರ ಗೇಟಿನಲ್ಲಿ ಫೋನ್ ಕಿವಿಗೆ ಹಿಡಿದು ನಿಂತಿದ್ದ. ಮೂವತ್ತನೆಯ ಸುತ್ತಿಗೆ ನೋಡಿದಾಗ ಫೋನ್ ಜೇಬಿನಲ್ಲಿತ್ತು. ಐವತ್ತಕ್ಕೆ ಅವನು ಬಂದು ಅತ್ತೆಯವರ ಪಕ್ಕ ನೆರಳಲ್ಲಿ ಕೂತಿದ್ದ, ಇಬ್ಬರೂ ಏನೋ ಅಗಿಯುತ್ತಿದ್ದರು.

"ಅತ್ತೆ, ಎಷ್ಟಾಯ್ತು?" ಅಂದೆ.

"ಗೊತ್ತಿಲ್ಲ ಕಣಮ್ಮ, ಸುತ್ತು. ಯಾರ್ ಕೇಳೋರು ಈಗ."